ಶಾರದಾ ಕಂಡ ಬಿಳಿ ಪೊದೆ

ವಿಶಾಖಪಟ್ಟಣಕ್ಕೆ ಹುದ್‌ಹುದ್ ಚಂಡಮಾರುತ ಬಂದ ವರ್ಷ ಶಾರದಾಗೆ ಮೂವತ್ತೇಳು. ಗಂಡ ಶೇಷಗಿರಿ ಬ್ಯಾಂಕಿನಲ್ಲಿ ಅಧಿಕಾರಿ. ತುಮಕೂರಿನಿಂದ ಅಲ್ಲಿಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಸಿಂಹಾಚಲಂ ಬೆಟ್ಟದ ಬುಡದಲ್ಲಿ, ಹೈಮಾವತಿ ಎಂಬ ನಿವೃತ್ತ ಶಾಲಾ ಟೀಚರ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಅಡುಗೆಮನೆಯ ಬಾಗಿಲು ತೆರೆದರೆ ಸಣ್ಣದೊಂದು ಹಿತ್ತಲು, ಮೂಲೆಯಲ್ಲಿ ಆಳೆತ್ತರ ಮೀರಿದ ಒಂದು ಪೊದೆ, ಕಾಂಪೌಂಡಿನ ಆಚೆ ಬೀದಿದೀಪ, ಅದರಾಚೆ ಬೆಟ್ಟ.

ಪೊದೆಯ ಎಲೆ ಪರಂಗಿ ಎಲೆಯ ಹಾಗೆ ಅಗಲ, ಅಂಚು ಸೀಳುಸೀಳು. ಮುಟ್ಟಿದರೆ ಬೆಕ್ಕಿನ ಕಿವಿಯಷ್ಟು ಮೆತ್ತಗೆ. ಹೈಮಾವತಿಯವರ ಗಂಡ ರೈಲ್ವೆಯಲ್ಲಿದ್ದಾಗ ಅರಕು ಬೆಟ್ಟದ ದಾರಿಯ ಯಾವುದೋ ಸ್ಟೇಷನ್ನಿನ ತೋಟದಿಂದ ಕಡ್ಡಿ ತಂದು ನೆಟ್ಟಿದ್ದರಂತೆ. ಅವರು ತೀರಿಕೊಂಡ ಮೇಲೆ ಅದರ ಹೆಸರು ಹೇಳುವವರು ಯಾರೂ ಉಳಿದಿರಲಿಲ್ಲ.

"ಹನ್ನೆರಡು ವರ್ಷ ಆಯ್ತಮ್ಮಾ, ಬರೀ ಎಲೆ. ಒಂದೇ ಒಂದು ಹೂವು ಕಂಡಿಲ್ಲ" ಎಂದು ಹೈಮಾವತಿ ಮೊದಲ ದಿನವೇ ಇಂಗ್ಲಿಷು ಬೆರೆಸಿ ತಿಳಿಸಿ ಹೇಳಿದ್ದರು.

ಅಕ್ಟೋಬರಿನ ಒಂದು ಭಾನುವಾರ ಗಾಳಿ ಬಂತು. ಬೆಳಗಿನಿಂದ ಸಂಜೆಯವರೆಗೂ ಬೀಸಿ ಬೆಟ್ಟದ ಹಸಿರನ್ನೆಲ್ಲ ಕಿತ್ತುಕೊಂಡು ಹೋಯಿತು. ಮುಂಭಾಗದ ಮಾಡು ಹಾರಿಹೋದದ್ದರಿಂದ ಹೈಮಾವತಿ ಶ್ರೀಕಾಕುಳಂನ ತಮ್ಮನ ಮನೆಗೆ ಹೋದರು. ನೀರು ಕೆಟ್ಟು ಹನ್ನೆರಡು ವರ್ಷದ ಮಗಳು ಮೇಧಾಗೆ ಟೈಫಾಯ್ಡ್ ಆಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವಳನ್ನು ತುಮಕೂರಿಗೆ, ಅಜ್ಜಿಯ ಬಳಿಗೆ ಕಳಿಸಿದರು. ನವೆಂಬರಿನಲ್ಲಿ ಶೇಷಗಿರಿಯನ್ನು ಬ್ಯಾಂಕು ಎರಡು ತಿಂಗಳ ಕೆಲಸಕ್ಕೆ ಹೈದರಾಬಾದಿಗೆ ಕರೆಸಿತು. ಶಾರದಾ ಒಬ್ಬಳೇ ಉಳಿದಳು. ಮನೆಗೆ ಕರೆಂಟು ಹತ್ತು ದಿನದಲ್ಲಿ ಬಂದಿತ್ತು. ಹಿಂದಿನ ಬೀದಿಯ ಕಂಬ ಮಾತ್ರ ಬಾಗಿದ್ದು ಬಾಗಿದಂತೆಯೇ ಇತ್ತು, ದೀಪ ಹತ್ತಲಿಲ್ಲ.

ಆ ದಿನಗಳಲ್ಲಿ ಅವಳಿಗೆ ಮಾತನಾಡಲು ತೆಲುಗು ಬಾರದು. ಅಂಗಡಿಯವನಿಗೆ ಬೆರಳು ತೋರಿಸಿ ಬೇಳೆ ತರುತ್ತಿದ್ದಳು. ಸಂಜೆಯಾದರೆ ಹಿತ್ತಲಿಗೆ ಸೊಂಪಾದ ಕತ್ತಲು ಇಳಿಯುತ್ತಿತ್ತು. ಪಟ್ಟಣದಲ್ಲಿ ಅಷ್ಟೊಂದು ನಕ್ಷತ್ರಗಳಿರಬಹುದೆಂದು ಅವಳು ತಿಳಿದಿರಲಿಲ್ಲ. ಸಮುದ್ರ ಬಲು ದೂರ, ಆದರೂ ಗಾಳಿ ತಿರುಗಿದಾಗ ಉಪ್ಪಿನ ವಾಸನೆ ಬೆಟ್ಟದವರೆಗೆ ಬಂದು ನಿಲ್ಲುತ್ತಿತ್ತು. ಅವಳು ಮೆಟ್ಟಿಲ ಮೇಲೆ ಕೂತು, ಗಾಳಿಗೆ ಎಲೆ ಉದುರಿ ಮತ್ತೆ ಚಿಗುರಿದ ಪೊದೆಯನ್ನು ನೋಡುತ್ತಿದ್ದಳು.

ನವೆಂಬರಿನ ಕೊನೆಯಲ್ಲಿ ಒಂದು ಮುಸ್ಸಂಜೆ ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದವಳು ಹಾಗೇ ನಿಂತುಬಿಟ್ಟಳು. ಪೊದೆ ತುದಿಯಿಂದ ಬುಡದವರೆಗೆ ಬೆಳ್ಳಗಾಗಿತ್ತು. ಯಾರೋ ಹಾಲು ಸುರಿದು ಹೋದಂತೆ. ಹತ್ತಿರ ಹೋದರೆ ಗೊಂಚಲುಗೊಂಚಲು ಹೂವು, ನಡುವೆ ಹಳದಿ ಕಣ್ಣು, ಸುತ್ತ ಬಿಳಿಯ ಎಸಳು. ಬಿಸಿ ಹಾಲಿಗೆ ಏಲಕ್ಕಿ ಹಾಕಿದ ಹಾಗೆ ಏನೋ ಒಂದು ಪರಿಮಳ. ಬೆಳಕೆಲ್ಲ ಇಂಗಿದ ಮೇಲೂ ಪೊದೆ ಮಾತ್ರ ಕಾಣುತ್ತಲೇ ಇತ್ತು.

ಎರಡು ವಾರ ಅವಳು ಅದರ ಜೊತೆಯಲ್ಲಿದ್ದಳು. ದಿನಕ್ಕೊಂದು ಹೂವನ್ನು ದೇವರಿಗಿಟ್ಟಳು, ಒಂದನ್ನು ಮುಡಿದಳು. ಅವಳ ಕೈಲಿದ್ದದ್ದು ಬಟನ್ ಫೋನು, ಅದರಲ್ಲಿ ಕ್ಯಾಮೆರಾ ಇರಲಿಲ್ಲ. ಗಂಡ ಬಂದು ನೋಡುತ್ತಾನೆ, ಮಗಳು ಬಂದು ನೋಡುತ್ತಾಳೆ ಎಂದುಕೊಂಡಳು. ಅಷ್ಟರಲ್ಲಿ ಮೇಧಾಗೆ ಜ್ವರ ಮರುಕಳಿಸಿದ ಸುದ್ದಿ ಬಂದು, ಮರುದಿನದ ರೈಲಿಗೇ ಹೊರಟುಹೋದಳು.

ಸಂಕ್ರಾಂತಿ ಕಳೆದು ಮೂವರೂ ಹಿಂತಿರುಗಿದಾಗ ಹೈಮಾವತಿ ಊರಿಂದ ಬಂದಾಗಿತ್ತು. ಹಬ್ಬಕ್ಕೆಂದು ಆಳು ಕರೆಸಿ ಹಿತ್ತಲು ಗುಡಿಸಿ, ಪೊದೆಯನ್ನು ಸೊಂಟದೆತ್ತರಕ್ಕೆ ಕಡಿಸಿದ್ದರು. ಬೀದಿಗೆ ಹೊಸ ಕಂಬ ನೆಟ್ಟಿದ್ದರು, ಹಾಲಿನಂಥ ಬೆಳಕಿನ ಹೊಸ ದೀಪ. ಶಾರದಾ ಹೂವಿನ ಸುದ್ದಿ ಹೇಳಿದಾಗ ಹೈಮಾವತಿ ನಕ್ಕು ಅವಳ ಕೆನ್ನೆ ಸವರಿದರು.

"ಒಬ್ಬಳೇ ಇದ್ದೆಯಲ್ಲಮ್ಮಾ, ಪಾಪ" ಎಂದರು.

*

ಎರಡು ವರ್ಷದ ನಂತರ ಶೇಷಗಿರಿಗೆ ವಿಜಯವಾಡಕ್ಕೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲಿ ಶಾರದಾ ಆ ಪೊದೆಯ ನಾಲ್ಕು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಳು. ಅಲ್ಲಿನ ಪಟಮಟ ಬಡಾವಣೆಯ ಬಾಡಿಗೆ ಮನೆಯ ಕಾಂಪೌಂಡಿನ ಒಳಗೆ ಅವನ್ನು ಊರಿದಳು. ಮೂರು ಒಣಗಿದವು, ಒಂದು ಹಿಡಿಯಿತು. ಹಿಡಿದದ್ದರ ಬೆಳವಣಿಗೆ ಎಂಥದೆಂದರೆ ಮೂರನೇ ವರ್ಷಕ್ಕೆ ಕಿಟಕಿ ಮುಚ್ಚಿತು. ಮನೆ ಮಾಲೀಕ ಬಾಬ್ಜಿ ಹೋಗುತ್ತಾ ಬರುತ್ತಾ ಕತ್ತೆತ್ತಿ ನೋಡುತ್ತಿದ್ದರು.

"ಏನಮ್ಮಾ ಇದು, ಹುಚ್ಚು ಗಿಡ! ಹಣ್ಣಿಲ್ಲ, ಹೂವಿಲ್ಲ."

"ಬಿಡುತ್ತೆ ಬಾಬ್ಜಿಗಾರು. ನಾನು ಕಣ್ಣಾರೆ ನೋಡಿದೀನಿ."

ಅಷ್ಟು ಹೊತ್ತಿಗೆ ಅವಳಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಗಿಡ ಏನೆಂದು ಯಾವ ಭಾಷೆಯಲ್ಲಿಯೂ ಹೇಳಲು ಬರುತ್ತಿರಲಿಲ್ಲ. ಫೋನಿನ ಆ್ಯಪ್‌ಗೆ ಎಲೆ ತೋರಿಸಿದರೆ ಒಂದು ಸಲ ಹರಳು ಗಿಡ ಎಂದಿತು, ಒಂದು ಸಲ ಪರಂಗಿ, ಇನ್ನೊಂದು ಸಲ ಮೆಕ್ಸಿಕೋದ ಸೂರ್ಯಕಾಂತಿ. ಕಡಿಯಂನ ನರ್ಸರಿಗಳಿಗೆ ಹೋಗಿ ವಿಚಾರಿಸಿದಳು. ಹೂವು ತನ್ನಿ, ಹೇಳುತ್ತೇವೆ ಎಂದರು. ಕೊನೆಗೆ ಯಾರೋ ಕೃಷ್ಣಪ್ರಸಾದ ಎಂಬ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರ ವಿಳಾಸ ಕೊಟ್ಟರು. ಎಪ್ಪತ್ತೈದರ ಮುದುಕರು, ವಿಜಯವಾಡದವರೇ. ಅವರು ಕೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು.

"ಎಲೆ ಜೋಡಿಜೋಡಿಯಾಗಿ ಎದುರುಬದುರು ಇದೆ. ಮೇಲೆ ರೋಮ ಇದೆ. ನೀವು ಹೇಳೋ ಹೂವು ನಿಜವಾದರೆ ಇದು ಚಾಮಂತಿ ವಂಶದ್ದು ಅಮ್ಮಾ."

ಚಾಮಂತಿ ಎಂದರೆ ಸೇವಂತಿಗೆ. ಶಾರದಾಗೆ ನಗು ಬಂತು. "ಇಷ್ಟೆತ್ತರದ ಸೇವಂತಿಗೆನಾ, ಸಾರ್?"

"ವಂಶ ಅಂದೆ, ಮನೆಯವರೆಲ್ಲ ಒಂದೇ ಎತ್ತರ ಇರ್ತಾರೇನು? ಹೂವು ಬಿಟ್ಟ ದಿನ ಬನ್ನಿ. ಹೂವು ನೋಡದೆ ನಾನು ಹೆಸರು ಕೊಡೋದಿಲ್ಲ."

ವರ್ಷಗಳು ಹೋದವು. ಮೇಧಾ ಓದು ಮುಗಿಸಿ, ಪರವಾಡದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ವಿಶಾಖಪಟ್ಟಣದಲ್ಲಿ ರೂಮು ಮಾಡಿಕೊಂಡಳು. ಅವಳ ಕೆಲಸವೂ ಒಂದು ಥರದ ಗುರುತು ಹಿಡಿಯುವುದೇ. ಬಂದ ಪುಡಿ ಚೀಟಿಯ ಮೇಲೆ ಬರೆದ ಪುಡಿಯೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕಬೇಕು. ಒಮ್ಮೆ ಗೆಳತಿಯರ ಜೊತೆ ಮನೆಗೆ ಬಂದಿದ್ದಾಗ, ಅವರಲ್ಲೊಬ್ಬಳು ಕಿಟಕಿಯಾಚೆಯ ಪೊದೆ ಏನೆಂದು ಕೇಳಿದಳು. ಮೇಧಾ ತೆಲುಗಿನಲ್ಲಿ, ನಗುತ್ತಾ, "ಅದಾ? ಅದು ನಮ್ಮ ಅಮ್ಮನ ಕಲ" ಎಂದಳು. ತೆಲುಗಿನಲ್ಲಿ ಕಲ ಎಂದರೆ ಕನಸು. ಹುಡುಗಿಯರೆಲ್ಲ ನಕ್ಕರು. ಶಾರದಾ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಿಸದವಳಂತೆ ಒಳಗೆ ಬಂದು ಎಲ್ಲರಿಗೂ ಕಾಫಿ ಕೊಟ್ಟಳು.

ಆಮೇಲೆ ಅವಳು ಹೂವಿನ ಮಾತು ನಿಲ್ಲಿಸಿದಳು. ನೀರು ಹಾಕುವುದನ್ನು ಬಿಡಲಿಲ್ಲ. ಆದರೆ ಸಂಜೆ ಕೊಳಾಯಿ ಹಿಡಿದು ನಿಂತಾಗ ಅವಳಿಗೇ ಅನುಮಾನ ಬರತೊಡಗಿತು. ಅಷ್ಟು ಬೆಳ್ಳಗೆ ಯಾವ ಗಿಡ ತಾನೇ ಇರುತ್ತದೆ? ಆ ಕತ್ತಲು, ಆ ನಕ್ಷತ್ರ, ಬಾಯಿಬಿಟ್ಟು ಮಾತಾಡದೆ ಕಳೆದ ಅಷ್ಟು ದಿನ. ಮನಸ್ಸೇ ತನ್ನ ಸಮಾಧಾನಕ್ಕೆ ಹೂವು ಬಿಡಿಸಿಕೊಂಡಿತೋ ಏನೋ.

*

ಹೋದ ಶ್ರಾವಣದಲ್ಲಿ ಸೋದರಮಾವನ ಮಗ ವಿನಾಯಕನ ಗೃಹಪ್ರವೇಶಕ್ಕೆಂದು ಶಾರದಾ ತುಮಕೂರಿನ ಹತ್ತಿರದ ಅವನ ಊರಿಗೆ ಹೋದಳು. ಊಟೋಪಚಾರ ಮುಗಿದು, ಸಂಜೆ ಹೊಸ ಮನೆಯ ತಾರಸಿಗೆ ಹತ್ತಿದಾಗ ಕೆಳಗಿನ ಹೊಲದಲ್ಲಿ ಒಮ್ಮೆಲೇ ದೀಪಗಳು ಹತ್ತಿದವು. ಒಂದಲ್ಲ ಎರಡಲ್ಲ, ನೂರಾರು ಬಲ್ಬು, ಸಾಲುಸಾಲಾಗಿ, ಗಿಡಗಳ ತಲೆಯ ಮೇಲೆ ತೂಗಿ ಬಿಟ್ಟಿದ್ದವು. ಆಕಾಶವೇ ಹೊಲಕ್ಕೆ ಇಳಿದು ಕೂತಂತಿತ್ತು.

"ಏನೋ ಇದು ವಿನಾಯಕ, ಮದುವೆ ಮನೆ ಥರ?"

"ಸೇವಂತಿಗೆ ಅಕ್ಕಾ. ಹೂವು ಬಿಡಬಾರದು ಅಂತ ಲೈಟ್ ಹಾಕ್ತೀವಿ."

"ಬಿಡಬಾರದು ಅಂತಲಾ?"

"ಹೂಂ ಕಣಕ್ಕ. ರಾತ್ರಿ ಉದ್ದ ಆದ್ರೆ ಸೇವಂತಿಗೆ ಮೊಗ್ಗು ಹಿಡಿಯುತ್ತೆ. ಗಿಡ ಇನ್ನೂ ಗೇಣುದ್ದ ಇದೆ, ಈಗಲೇ ಮೊಗ್ಗು ಬಂದ್ರೆ ಏನ್ ಸಿಗುತ್ತೆ? ಲೈಟ್ ಹಾಕಿದ್ರೆ ಅದಕ್ಕೆ ಇನ್ನೂ ಹಗಲು ಅನ್ಸುತ್ತೆ, ಸುಮ್ನೆ ಎತ್ತರ ಬೆಳೀತಾ ಇರುತ್ತೆ. ನಮಗೆ ಹೂವು ಬೇಕಾದಾಗ ಲೈಟ್ ಆರಿಸಿಬಿಡ್ತೀವಿ."

ಶಾರದಾ ತಾರಸಿಯ ಗೋಡೆ ಹಿಡಿದುಕೊಂಡಳು. ಮೇಷ್ಟರು ಅಂದದ್ದೂ ಚಾಮಂತಿ ವಂಶವೆಂದೇ. ಹುದ್‌ಹುದ್ ಬಂದದ್ದು ಅಕ್ಟೋಬರ್. ಕಂಬ ಬಾಗಿ ಕತ್ತಲಾದದ್ದು ಆ ದಿನದಿಂದ. ಹೂವು ಬಿಟ್ಟದ್ದು ನವೆಂಬರಿನ ಕೊನೆ. ಅದಕ್ಕೆ ಮೊದಲು ಹನ್ನೆರಡು ವರ್ಷ ದೀಪ, ಆಮೇಲೂ ದೀಪ. ಪಟಮಟದ ಮನೆಯ ಮುಂದೆ, ಪೊದೆಯ ನೆತ್ತಿಯ ಮೇಲೇ ಇನ್ನೊಂದು ದೀಪ. ಇಷ್ಟು ವರ್ಷ ಆ ಗಿಡಕ್ಕೆ ಒಂದು ರಾತ್ರಿಯೂ ಆಗಿರಲಿಲ್ಲ.

"ಯಾಕಕ್ಕಾ, ತಲೆ ಸುತ್ತು ಬಂತಾ?" ಎಂದು ವಿನಾಯಕ ಗಾಬರಿಯಾದ.

"ಇಲ್ಲಪ್ಪ. ಎಷ್ಟು ದಿನ ಕತ್ತಲಿರಬೇಕು, ಹೇಳು."

*

ಬೀದಿದೀಪ ಆರಿಸಿ ಎಂದು ಕೇಳುವುದು ಸಾಧ್ಯವಿರಲಿಲ್ಲ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಅದೇ ಬೀದಿಯಲ್ಲಿ ನಡೆಯುತ್ತಾರೆ. ಶಾರದಾ ಒನ್ ಟೌನ್ ಪೇಟೆಗೆ ಹೋಗಿ ಕೊಡೆಗೆ ಹಾಕುವಂಥ ದಪ್ಪ ಕರಿ ಬಟ್ಟೆ ತಂದಳು. ಪೊದೆಯನ್ನು ಎದೆಯೆತ್ತರಕ್ಕೆ ಕತ್ತರಿಸಿದ್ದಳು, ಅದು ಮತ್ತೆ ಆಳೆತ್ತರ ಚಿಗುರಿತ್ತು. ನಾಲ್ಕು ಬಿದಿರು ನೆಟ್ಟು ಚಪ್ಪರದಂತೆ ಕಟ್ಟಿ, ದಸರೆಯ ಮರುದಿನದಿಂದ ಸಂಜೆ ಐದೂಮುಕ್ಕಾಲಕ್ಕೆ ಬಟ್ಟೆ ಹೊದಿಸಿ, ಬೆಳಿಗ್ಗೆ ಆರೂವರೆಗೆ ತೆಗೆಯತೊಡಗಿದಳು.

ಶೇಷಗಿರಿ ಮೊದಲ ದಿನ ಅವಳು ಹತ್ತಿದ್ದ ಸ್ಟೂಲಿನ ಪಕ್ಕ ನಿಂತು ನೋಡಿದ.

"ಎಷ್ಟು ದಿನ ಕಣೇ ಇದು?"

"ಎರಡು ತಿಂಗಳು. ಒಂದು ಸಂಜೆ ತಪ್ಪಿದ್ರೂ ಕೆಟ್ಟುಹೋಗಬಹುದಂತೆ."

"ಹೂವು ಬರದೇ ಹೋದ್ರೆ?"

ಅವಳು ಸ್ಟೂಲಿನಿಂದ ಇಳಿದಳು. ಬಟ್ಟೆಯ ಅಂಚಿಗೆ ಇಟ್ಟಿಗೆ ಇಡತೊಡಗಿದಳು. ಬರದೇ ಹೋದರೆ ಅದು ಕನಸೇ ಎಂದಾಗುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು.

ಬೀದಿಯವರು ಮಾತಾಡಿಕೊಂಡರು. ಕನ್ನಡದವರು ಗಿಡಕ್ಕೆ ಬುರ್ಖಾ ಹಾಕುತ್ತಾರೆ ಎಂದು ಯಾರೋ ನಕ್ಕರಂತೆ. ಶಾರದಾಗೆ ಆ ಕೆಲಸ ಒಂದು ಧ್ಯಾನದ ಹಾಗಾಯಿತು. ಹೊತ್ತು ಇಳಿಯುವಾಗ ಬಟ್ಟೆ ಎತ್ತಿದರೆ ಎಲೆಗಳೆಲ್ಲ ನಿಧಾನಕ್ಕೆ ಕೈ ಇಳಿಬಿಟ್ಟಂತೆ ಕಾಣುತ್ತಿದ್ದವು. ಹೊದಿಸುವ ಮುಂಚೆ ಒಂದು ಗಳಿಗೆ ತಾನೂ ಬಟ್ಟೆಯೊಳಗೆ ತಲೆ ಹಾಕಿ ನಿಲ್ಲುತ್ತಿದ್ದಳು. ಒಳಗೆ ಹಸಿರು ವಾಸನೆ, ಹಳೆಯ ಹಿತ್ತಲಿನ ಕತ್ತಲು. ಎಲ್ಲೋ ದೂರದಲ್ಲಿ ಉಪ್ಪಿನ ಗಾಳಿ ತಿರುಗಿದಂತೆ ಅನ್ನಿಸುತ್ತಿತ್ತು.

ಆರನೇ ವಾರದಲ್ಲಿ ಅವಳು ಜ್ವರ ಬಂದು ಮಲಗಿದಳು. ಮಧ್ಯಾಹ್ನದ ಮಾತ್ರೆಗೆ ನಿದ್ದೆ ಹತ್ತಿ, ಎಚ್ಚರವಾದಾಗ ಗಡಿಯಾರ ಆರೂವರೆ ತೋರಿಸುತ್ತಿತ್ತು. ಹೊರಗೆ ದೀಪ ಹತ್ತಿತ್ತು. ಗೋಡೆ ಹಿಡಿದು ಬಾಗಿಲಿಗೆ ಬಂದು ನೋಡಿದರೆ ಪೊದೆಗೆ ಬಟ್ಟೆ ಹೊದಿಸಿತ್ತು, ಅಂಚಿಗೆ ಇಟ್ಟಿಗೆಗಳು ಸಾಲಾಗಿ ಕೂತಿದ್ದವು. ಶೇಷಗಿರಿ ಆಫೀಸಿನ ಬಟ್ಟೆಯಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಎಂಟು ಗಂಟೆಗೆ ಮೊದಲು ಮನೆ ಸೇರಿದ್ದು ಕಡಿಮೆ.

"ಹೇಗೆ ಬಂದ್ರಿ ಇಷ್ಟು ಬೇಗ? ಏನಂತ ಹೇಳಿದ್ರಿ?"

"ಮನೇಲಿ ಒಬ್ಬರನ್ನ ಮಲಗಿಸಬೇಕು ಅಂದೆ. ಎಷ್ಟು ವಯಸ್ಸು ಅಂತ ಕೇಳಿದ್ರು. ಒಂಬತ್ತು ಅಂದೆ."

ಶಾರದಾ ಬಾಗಿಲಿಗೆ ಒರಗಿ ನಗಲಾರದೆ ನಕ್ಕಳು. ಆ ವಾರವೆಲ್ಲ ಅವನೇ ಮಲಗಿಸಿದ, ಅವನೇ ಎಬ್ಬಿಸಿದ. ಏಳನೆಯ ಬೆಳಿಗ್ಗೆ ಬಟ್ಟೆ ತೆಗೆದವನು ಒಳಗೆ ಬಂದು ಮಂಚದ ಪಕ್ಕ ನಿಂತು, ದನಿ ತಗ್ಗಿಸಿ ಹೇಳಿದ:

"ಶಾರದಾ, ತುದೀಲಿ ಹಸಿರು ಮಣಿ ಥರ ಏನೋ ಬಂದಿದೆ. ಹುಳವೋ ಏನೋ, ನೀನೇ ಬಂದು ನೋಡು."

ಅದು ಹುಳವಲ್ಲ.

*

ಡಿಸೆಂಬರಿನ ಮೊದಲ ವಾರ, ಕೆಂಪು ಬಟ್ಟೆ ತೊಟ್ಟ ಭವಾನಿ ಭಕ್ತರು ಬೆಟ್ಟದ ದುರ್ಗಮ್ಮನ ಕಡೆಗೆ ನಡೆದು ಹೋಗುವ ದಿನಗಳಲ್ಲಿ, ಪೊದೆ ಅರಳಿತು. ಮೇಧಾ ಮುಂದಿನ ವಾರದ ಶನಿವಾರ ರತ್ನಾಚಲ್ ರೈಲು ಹತ್ತಿ ಬಂದಳು. ಅವಳು ಆಟೋ ಇಳಿಯುವ ಹೊತ್ತಿಗೆ ಕತ್ತಲಾಗಿತ್ತು. ಹೂವು ಬಿಟ್ಟಾಗಿದ್ದರಿಂದ ಶಾರದಾ ಆ ಸಂಜೆ ಹೊದಿಕೆ ಹಾಕಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಕೆಂಪು ಬಟ್ಟೆಯ ಮೂವರು ಹೆಂಗಸರು ಗೇಟಿನ ಬಳಿ ನಿಂತು ಒಳಗೆ ನೋಡುತ್ತಿದ್ದರು. ಬಾಬ್ಜಿಯವರು ಇದು ತಮ್ಮ ಮನೆಯ ಗಿಡವೆಂದು ಅವರಿಗೆ ಹೇಳುತ್ತಿದ್ದರು.

ಮೇಧಾ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಪೊದೆಯ ಸುತ್ತ ನಡೆದಳು. ಒಂದು ಗೊಂಚಲು ಹಿಡಿದು ಮೂಸಿದಳು.

"ಅಮ್ಮಾ, ಸಾರಿ" ಎಂದಳು ಕೊನೆಗೆ. "ಆವತ್ತು ನೀನು ಕಾಫಿ ತಗೊಂಡು ಬಂದೆ ಅಲ್ವಾ. ನಿಂಗೆ ಕೇಳಿಸ್ತು ಅಂತ ನಂಗೆ ಗೊತ್ತಿತ್ತು."

"ಬಿಡೆ. ನಾನೇ ನಂಬಿರಲಿಲ್ಲ."

ಶಾರದಾ ಮಗಳಿಗೆ ಹೇಳದ ಮಾತೊಂದಿತ್ತು. ಈ ಹೂವು ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಬಿಳಿಯೂ ಅಷ್ಟು ಬಿಳಿಯಲ್ಲ, ಹತ್ತಿರದಿಂದ ನೋಡಿದರೆ ಕೆನೆಯ ಬಣ್ಣ. ಏಲಕ್ಕಿಯ ಪರಿಮಳ ಮೂಗು ತಾಗಿಸಿದರೆ ಮಾತ್ರ. ಹನ್ನೊಂದು ವರ್ಷದಲ್ಲಿ ಅದು ಅವಳೊಳಗೆ ದೊಡ್ಡದಾಗಿ ಬೆಳೆದಿತ್ತೇನೋ. ಒಂದು ಕ್ಷಣ ಖಾಲಿಯೆನಿಸಿತು. ಆಮೇಲೆ ಹೂವಿನ ಮೇಲೆ ಒಂದು ಸಣ್ಣ ಜೇನುಹುಳ ಮಲಗಿಬಿಟ್ಟಿರುವುದನ್ನು ಮೇಧಾ ಬೆರಳು ಮಾಡಿ ತೋರಿಸಿದಳು, ಇಬ್ಬರೂ ಬಗ್ಗಿ ಅದನ್ನೇ ನೋಡುತ್ತಾ ನಿಂತರು.

ಭಾನುವಾರ ಕೃಷ್ಣಪ್ರಸಾದ ಮೇಷ್ಟರು ತಾವೇ ಬಂದರು. ಹೂವೊಂದನ್ನು ಉಗುರಿನಿಂದ ಸೀಳಿ, ಭೂತಗನ್ನಡಿ ಇಟ್ಟು ನೋಡಿದರು.

"ನಾವು ಒಂದು ಹೂವು ಅಂತೀವಲ್ಲಮ್ಮಾ, ಇದು ಒಂದಲ್ಲ. ಹಳದಿ ಕಣ್ಣಿನಲ್ಲಿ ಇರೋ ಪ್ರತಿ ಚುಕ್ಕೆಯೂ ಒಂದು ಹೂವು. ಸುತ್ತ ಇರೋ ಬಿಳಿ ಎಸಳೂ ಒಂದೊಂದು ಹೂವೇ. ಇಡೀ ಊರು ಒಂದು ತಟ್ಟೆಯಲ್ಲಿ ಕೂತಿದೆ. ಚಾಮಂತಿ ವಂಶವೇ, ಸಂದೇಹ ಇಲ್ಲ. ಟ್ರೀ ಡೈಸಿ ಅಂತಾರೆ. ಪುಸ್ತಕದ ಹೆಸರು ಮೊಂಟನೋವಾ. ಮೆಕ್ಸಿಕೋ ಕಡೆಯದು, ಹೂವಿನ ಚೆಂದಕ್ಕೆ ಬೆಟ್ಟದ ಊರುಗಳ ತೋಟಕ್ಕೆ ತಂದು ಹಾಕಿದ್ದಾರೆ."

"ಮೊಂಟನೋವಾ" ಎಂದು ಶಾರದಾ ಒಮ್ಮೆ ಹೇಳಿ ನೋಡಿದಳು. ಮಗುವಿನ ಹೆಸರು ಕಿವಿಯಲ್ಲಿ ಕರೆದ ಹಾಗೆ, ಮೆಲ್ಲಗೆ.

"ಅದರಲ್ಲಿ ಯಾವ ಜಾತಿ ಅಂತ ಬೀಜ ಆದ ಮೇಲೆ ಹೇಳ್ತೀನಿ. ಆತುರ ಬೇಡ."

ಮೇಧಾ ನಕ್ಕಳು. "ನಮ್ಮ ಲ್ಯಾಬಲ್ಲೂ ಹೀಗೇ ಸಾರ್. ಪೂರ್ತಿ ಆಗೋವರೆಗೂ ಸೈನ್ ಹಾಕಲ್ಲ."

ಮಾರನೆಯ ದಿನ ಶಾರದಾ ಮಗಳ ಜೊತೆಗೇ ವಿಶಾಖಪಟ್ಟಣಕ್ಕೆ ಹೊರಟಳು. ಒದ್ದೆ ಟವೆಲಿನಲ್ಲಿ ಸುತ್ತಿದ ಹೂವಿನ ಕೊಂಬೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೈಮಾವತಿಯವರ ಮನೆ ಈಗ ಐದು ಮಹಡಿಯ ಅಪಾರ್ಟ್‌ಮೆಂಟು. ಪಾಯ ತೋಡುವಾಗ ಹಳೆಯ ಪೊದೆ ಹೋಯಿತು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಅವರು, ತಂಗಿ ದುರ್ಗಾಭವಾನಿಯ ಸಂಸಾರದ ಜೊತೆ, ಗದ್ದಲದ ನಡುವೆ ಆರಾಮಾಗಿದ್ದರು.

ಕೊಂಬೆಯನ್ನು ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ನೋಡಿದರು. ಎಸಳನ್ನು ಬಿಟ್ಟು, ಬಾಡಿ ಕಂದಾಗಿದ್ದ ಒಂದು ಹಳೆಯ ಗೊಂಚಲನ್ನು ಬೆರಳಲ್ಲಿ ಹೊಸಕಿದರು. ಹೊಟ್ಟಿನಂಥದ್ದು ಸೀರೆಯ ಮೇಲೆ ಉದುರಿತು. ಅವರ ಮುಖ ಬದಲಾಯಿತು.

"ಇದಾ? ಅಯ್ಯೋ, ಇದನ್ನ ನಾನು ಗುಡಿಸಿದೀನಲ್ಲಮ್ಮಾ! ಆ ವರ್ಷ ಊರಿಂದ ಬಂದಾಗ ಹಿತ್ತಲ ತುಂಬ ಇದೇ. ಎಲ್ಲಿಂದ ಗಾಳಿಗೆ ಬಂತೋ ಈ ಹೊಟ್ಟು ಅಂತ ಆಳಿನ ಕೈಲಿ ಎರಡು ಚೀಲ ತುಂಬಿಸಿ ಸಂಕ್ರಾಂತಿ ಹಿಂದಿನ ದಿನದ ಭೋಗಿ ಬೆಂಕಿಗೆ ಹಾಕಿಸಿದೆ."

ಅವರು ಸೀರೆಯ ಮೇಲೆ ಬಿದ್ದದ್ದನ್ನು ಆರಿಸಿ ಅಂಗೈಗೆ ಹಾಕಿಕೊಂಡರು. "ನೆಟ್ಟವರು ನೋಡ್ಲಿಲ್ಲ. ನಾನು ನೋಡ್ಲಿಲ್ಲ. ನೀನಾದ್ರೂ ನೋಡಿದೆ" ಎಂದು ಶಾರದಾಳ ಕೈ ಹಿಡಿದರು.

ಕೊಂಬೆಯಿಂದ ಮೂರು ಕಡ್ಡಿ ಕತ್ತರಿಸಿದರು. ಎಲ್ಲಿ ನೆಡುವುದು ಎಂಬುದೇ ಪ್ರಶ್ನೆ. ಮುಂದೆ ಪಾರ್ಕಿಂಗ್ ದೀಪ, ಪಕ್ಕದಲ್ಲಿ ಬೀದಿದೀಪ. ಬೆಟ್ಟದ ಕಡೆಯ ಹಿಂಭಾಗದಲ್ಲಿ ಮಾತ್ರ ಒಂದಿಷ್ಟು ಮಣ್ಣಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಲಿಫ್ಟಿನಲ್ಲಿ ಕೆಳಗಿಳಿದರು. ಅಲ್ಲೂ ಗೋಡೆಗೆ ಒಂದು ದೊಡ್ಡ ದೀಪ ಹೊಡೆದಿದ್ದನ್ನು ಕಂಡು ಮೇಧಾ ವಾಚ್‌ಮನ್‌ನನ್ನು ಕರೆದು, ಇದನ್ನು ಎಷ್ಟು ಗಂಟೆಗೆ ಹಾಕುತ್ತೀರಿ ಎಂದು ಕೇಳಿದಳು.

ಅವನು ಸಂಕೋಚದಿಂದ ತಲೆ ಕೆರೆದುಕೊಂಡ. ಅದು ಕೆಟ್ಟು ಎರಡು ವರ್ಷವಾಯಿತು ಮೇಡಂ, ಹತ್ತು ಸಲ ಹೇಳಿದರೂ ಅಸೋಸಿಯೇಷನ್‌ನವರು ಮಾಡಿಸಲಿಲ್ಲ, ನಾಳೆ ಮತ್ತೆ ಕೇಳುತ್ತೇನೆ ಎಂದ.

"ಬೇಡ ನಾಯನಾ, ಕೇಳ್ಬೇಡ" ಎಂದರು ಹೈಮಾವತಿ.

ಶಾರದಾ ಹಳೆಯ ಸೌಟಿನಿಂದ ಗುಳಿ ತೋಡಿದಳು. ಹೈಮಾವತಿ ಕಡ್ಡಿ ಹಿಡಿದು ನಿಲ್ಲಿಸಿದರು, ಮೇಧಾ ಕುಡಿಯುವ ನೀರಿನ ಬಾಟಲಿ ಬಗ್ಗಿಸಿದಳು. ಮಣ್ಣು ನೀರು ಹೀರಿಕೊಳ್ಳುವ ಸದ್ದು ಮೂವರಿಗೂ ಕೇಳಿಸಿತು.